ಮಿರ್ಜಾನ ಕೋಟೆಗೆ ಮನೆ ಬರೆದ ಹುಡುಗ

ಕರಾವಳಿಯ ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲಾಗದ ಮಕ್ಕಳಿಗೆ ಜಗಲಿಯೇ ಮೈದಾನ. ಶೇಡಿಯಲ್ಲೋ ಇದ್ದಿಲಿನಲ್ಲೋ ಐದೈದು ಸಾಲು ಮನೆ ಬರೆದು ನಾಲ್ಕು ಕವಡೆ ಚೆಲ್ಲಿದರೆ ಚೌಕಾಬಾರ ಸಿದ್ಧ. ಕಾಯಿಗಳಿಗೆ ಬಳೆಚೂರು, ಹುಣಸೆಬೀಜ, ತೆಂಗಿನ ಕಡ್ಡಿ. ಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಆಡುವವರೇ ಆಟವನ್ನು ತಯಾರಿಸಿಕೊಳ್ಳುತ್ತಿದ್ದರು.

ಆ ತಯಾರಿ ಈಗ ಗಣಕದ ಪರದೆಗೂ ಏರಿದೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಂಥ ಆಟಗಳಲ್ಲಿ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, ಸೋಲು ಗೆಲುವನ್ನು ದಾಳ ಹೇಳುತ್ತದೆ. ಮೇಜಿನ ಸುತ್ತ ಕೂತು ಆಡುತ್ತಿದ್ದ ಆಟವನ್ನು ಈಗ ಊರೂರಿನಲ್ಲಿದ್ದುಕೊಂಡೇ ಆಡಬಹುದು. ಮೇಜಿನ ಬದಲು ಪರದೆಯ ಮೇಲೊಂದು ನಕ್ಷೆ, ಪಾತ್ರಕ್ಕೊಂದು ಬಿಲ್ಲೆ.

ಹೊನ್ನಾವರದ ತರುಣನೊಬ್ಬನಿಗೆ ಇಂಥ ಆಟ ನಡೆಸುವ ಹುಚ್ಚು. ಗೆಳೆಯರಲ್ಲಿ ಒಬ್ಬ ಭಟ್ಕಳದವನು, ದುಬೈಯಲ್ಲಿ ನೌಕರಿ. ಇನ್ನಿಬ್ಬರು ಈ ಕರಾವಳಿಯನ್ನೇ ಕಾಣದವರು. ಸಿದ್ಧ ನಕ್ಷೆಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿರುವುದು ಹಿಮ, ಓಕ್ ಮರ, ಯುರೋಪಿನ ಕೋಟೆ. ಇವನ ಕಥೆಯಲ್ಲೋ ಗೇರುಸೊಪ್ಪೆಯ ಮೆಣಸು ದೋಣಿಯೇರಿ ಶರಾವತಿಯಲ್ಲಿ ಇಳಿಯಬೇಕು, ದೂತನೊಬ್ಬ ಮಿರ್ಜಾನ ಕೋಟೆಗೆ ಓಲೆ ಒಯ್ಯಬೇಕು. ಮೆಣಸಿನ ದೋಣಿಗೆ ಹಿಮ ಹೊಂದೀತೇ?

ಅವನು ಕುಮಟಾದಿಂದ ಸುಮಾರು 11 ಕಿ.ಮೀ. ದೂರದ ಮಿರ್ಜಾನಕ್ಕೆ ಹೋದ. ಈ ಆಟದಲ್ಲಿ ಒಂದು ಮನೆಯೆಂದರೆ ಐದು ಅಡಿ. ಎರಡು ಹೆಜ್ಜೆಗೆ ಒಂದು ಮನೆ ಎಂದು ಬಾಗಿಲು, ಬುರುಜು, ಬಾವಿಗಳ ನಡುವೆ ನಡೆದು ಅಳೆದ. ಕೆಂಪುಕಲ್ಲಿನ ಗೋಡೆಗೆ ಯಾವ ಬಣ್ಣ ಕೊಡುವುದು? ಬೇಸಿಗೆಯಲ್ಲಿ ಅದು ಕಪ್ಪುಗೆಂಪು, ಮಳೆಗಾಲದಲ್ಲಿ ಪಾಚಿಹಸಿರು. ಕಥೆ ಆಷಾಢದ್ದು; ಹಸಿರೇ ಆಯಿತು.

ಪರದೆಯಲ್ಲಿ ಮನೆಯೊಂದಕ್ಕೆ ಉದ್ದಗಲ 70 ಚುಕ್ಕಿ ಎಂಬುದು ಒಂದು ರೂಢಿ. ಅಗಲಕ್ಕೆ 40, ಎತ್ತರಕ್ಕೆ 30 ಮನೆಯ ನಕ್ಷೆಗೆ 2800 ಮತ್ತು 2100 ಚುಕ್ಕಿ ಬೇಕು. ಬರೆದ ಮನೆ 70ರ ಬದಲು 71 ಆದರೆ ಮೊದಲ ಸಾಲಿನಲ್ಲಿ ತಪ್ಪು ಕಾಣುವುದೇ ಇಲ್ಲ. ನಲವತ್ತನೆಯ ಮನೆಗೆ ಬರುವಷ್ಟರಲ್ಲಿ 40 ಚುಕ್ಕಿ, ಎಂದರೆ ಅರ್ಧ ಮನೆಗಿಂತ ಹೆಚ್ಚು ಸರಿದಿರುತ್ತದೆ. ಬಾಗಿಲಲ್ಲಿ ನಿಲ್ಲಬೇಕಾದ ಬಿಲ್ಲೆ ಗೋಡೆಯೊಳಗೆ ಹೂತಿರುತ್ತದೆ! ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮಮ್ಮನಿಗೆ ಚುಕ್ಕಿಯ ಲೆಕ್ಕ ತಿಳಿಯದಿದ್ದರೂ ರೋಗ ತಿಳಿಯಿತು. “ಮನೆ ಸಮಾ ಇಲ್ದಿದ್ರೆ ಕಾಯಿ ಎಲ್ಲಿಡ್ತೆ ತಮಾ?”

ನಕ್ಷೆ ಮುಗಿಯಿತು, ಬಿಲ್ಲೆಯ ಸರದಿ. ದುಂಡಗೆ ಕತ್ತರಿಸಿ ಹಿನ್ನೆಲೆಯನ್ನು ಪಾರದರ್ಶಕ ಮಾಡದಿದ್ದರೆ ವೀರನ ಸುತ್ತ ಬಿಳಿ ಚೌಕವೊಂದು ಅಂಟಿಕೊಂಡೇ ತಿರುಗುತ್ತದೆ. ಆ ಕೈಕೆಲಸ ಸುಲಭ. ಕಷ್ಟವಾದದ್ದು ರಾಣಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ, 16ನೆಯ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮುಖ ಹೇಗಿತ್ತು? ಅಂತರ್ಜಾಲದಲ್ಲಿ ಸಿಗುವ ಮುಖಗಳೆಲ್ಲ ಇಂದಿನವರ ಕಲ್ಪನೆ. ಯಾವುದೋ ನಟಿಯ ಮುಖ ಅಂಟಿಸಿದರೆ ಕೇಳುವವರು ಯಾರು? ಆದರೆ ಊರು ಕಾಣದ ಆ ಇಬ್ಬರ ಮನಸ್ಸಿನಲ್ಲಿ ರಾಣಿ ಎಂದರೆ ಅದೇ ಮುಖ ಎಂದು ನಿಂತುಬಿಡುತ್ತದೆ. ಕೊನೆಗೆ ಅವನು ಬಿಲ್ಲೆಯ ಮೇಲೆ ಕಾಳುಮೆಣಸಿನ ಒಂದು ಗೊಂಚಲು ಬರೆದ.

ಕೋಟೆಯೊಳಗೆ ಕಟ್ಟಡಗಳು ಅಳಿದು ಬರಿಯ ತಳಪಾಯ ಉಳಿದ ಕಡೆಗಳಲ್ಲೂ ಅವನು ಅರಮನೆ ಎಬ್ಬಿಸಲಿಲ್ಲ, ಹುಲ್ಲು ಹಾಸಿದ. ಆಟದ ದಿನ ದುಬೈಯ ಗೆಳೆಯ ತನ್ನ ಬಿಲ್ಲೆಯನ್ನು ಅಲ್ಲಿಯೇ ತಂದು ನಿಲ್ಲಿಸಿದ.

“ಇಲ್ಲಿ ಏನಿತ್ತು ಮಾರಾಯಾ?”

“ಗೊತ್ತಿಲ್ಲ. ರಜೆಗೆ ಬಂದಾಗ ಹೋಗಿ ನೋಡುವಾ.”

ಆಟವೆಂದ ಮೇಲೆ ಏನು ಬರೆದರೂ ನಡೆಯುತ್ತದೆ ಎನ್ನುವವರಿದ್ದಾರೆ. ನಡೆಯುತ್ತದೆ, ನಿಜ. ಆದರೆ ಮಾತು ಮರೆತರೂ ಕಣ್ಣು ಕಂಡ ಚಿತ್ರ ಬೇಗ ಮರೆಯದು. ತಿಳಿದದ್ದನ್ನು ಅಳೆದು ಬರೆದು, ತಿಳಿಯದ ಜಾಗದಲ್ಲಿ ಹುಲ್ಲು ಬಿಡುವುದನ್ನು ಆಟವಾಡುತ್ತಲೇ ಕಲಿತವನು ಇತಿಹಾಸಕ್ಕೆ ಅನ್ಯಾಯ ಮಾಡಲಾರ.