ಶಾಂತಿಗೂ ಒಂದು ಅಳತೆಗೋಲು

ಶಿವನಸಮುದ್ರದಲ್ಲಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವ ಕಾವೇರಿ ಮತ್ತೆ ಒಂದಾಗಿ ಮೇಕೆದಾಟಿನ ಕಡೆಗೆ ಸಾಗುತ್ತಾಳೆ. ಅದರಾಚೆ, ತಮಿಳುನಾಡಿನ ಗಡಿಯಲ್ಲಿ, ಬಿಳಿಗುಂಡ್ಲುವಿನ ಮಾಪನ ಕೇಂದ್ರವಿದೆ. ಎಷ್ಟು ನೀರು ಹರಿಯಿತೆಂಬುದು ಅಲ್ಲಿ ದಿನದಿನವೂ ದಾಖಲಾಗುತ್ತದೆ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ ವರ್ಷಕ್ಕೆ 177.25 ಟಿ.ಎಂ.ಸಿ. ಎಂದು ನಿಗದಿ ಮಾಡಿದ್ದೂ ಆ ಸ್ಥಳದ ಲೆಕ್ಕದಲ್ಲಿಯೇ. ನೀರಿಗೆ ಇಷ್ಟು ಖಚಿತವಾದ ಅಳತೆಯಿರುವಾಗ, ಆ ನೀರಿನ ಹೆಸರಿನಲ್ಲಿ ಕದಡಿದ ಮನಸ್ಸುಗಳು ತಿಳಿಯಾದವೇ ಎಂದು ಅಳೆಯುವುದು ಹೇಗೆ? ಈಚೆಗೆ ಗಗನಚುಕ್ಕಿಯ ಎದುರು ನಿಂತಾಗ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಕಾಡಲು ಕಾರಣವೂ ಇತ್ತು.

1991ರ ಜೂನ್‌ನಲ್ಲಿ ಬಂದ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವು ಆ ಡಿಸೆಂಬರಿನಲ್ಲಿ ರಾಜಪತ್ರದಲ್ಲಿ ಪ್ರಕಟವಾದಾಗ, ಬೆಂಗಳೂರು, ಮೈಸೂರು ಭಾಗಗಳಲ್ಲಿ ತಮಿಳು ಮಾತಾಡುವವರ ಮೇಲೆ ಹಿಂಸೆ ನಡೆಯಿತು. ನಮ್ಮ ಬೀದಿಯ ಹಿರಿಯರು ಶಾಂತಿ ಸಮಿತಿಯೊಂದನ್ನು ಮಾಡಿದರು. ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ಸಭೆಗಳು ನಾಲ್ಕು, ಅಹಿತಕರ ಘಟನೆ ಒಂದೂ ಇಲ್ಲ" ಎಂದು ಬರೆದು ಎಲ್ಲರ ಮೆಚ್ಚುಗೆ ಪಡೆದೆ. ಬರೆದದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಆ ಸಂಜೆ ನನ್ನ ತಾಯಿ ಕೇಳಿದರು: "ಆ ದರ್ಜಿಯವರ ಮನೆಯ ಬೀಗ ಇನ್ನೂ ತೆಗೆದಿಲ್ಲವಲ್ಲಪ್ಪ, ಅದನ್ನೂ ಬರೆದೆಯಾ?"

ಬರೆದಿರಲಿಲ್ಲ. ಆ ತಮಿಳು ಕುಟುಂಬವು ಮೊದಲ ರಾತ್ರಿಯೇ ಮಕ್ಕಳನ್ನು ಎತ್ತಿಕೊಂಡು ಹೊರಟುಹೋಗಿತ್ತು. ನಾವು ಶಾಂತಿಯೆಂದು ಬರೆದದ್ದು ಅವರಿಲ್ಲದ ಬೀದಿಯ ಮೌನವನ್ನು. ಅವರು ಮರಳಿ ಬರಲೇ ಇಲ್ಲ.

ಆ ತಪ್ಪಿನ ನೆನಪಿನಿಂದಲೇ ನಾನು 'ಕಾವೇರಿ ಕುಟುಂಬ'ದ ಪ್ರಯತ್ನವನ್ನು ಆಸಕ್ತಿಯಿಂದ ಗಮನಿಸುತ್ತ ಬಂದೆ. ಮದರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅವರ ಮುಂದಾಳುತನದಲ್ಲಿ, 2003ರಲ್ಲಿ ಎರಡೂ ರಾಜ್ಯಗಳ ರೈತರು ಒಂದೆಡೆ ಕುಳಿತರು. ಪರಸ್ಪರರ ಗದ್ದೆಗಳಿಗೆ ಹೋಗಿ ಕಷ್ಟವನ್ನು ಕಣ್ಣಾರೆ ಕಂಡರು. ಒಪ್ಪಂದವಾಯಿತೇ ಎಂದು ಕೇಳಿದರೆ, ವಿವಾದವನ್ನು ಮುಗಿಸುವಂಥದು ಆಗಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮತ್ತೆ ವಾಹನಗಳು ಉರಿದವು, ಜೀವಹಾನಿಯೂ ಆಯಿತು. ಹಾಗಾದರೆ ಆ ಶ್ರಮ ವ್ಯರ್ಥವೇ? ಹಾಗೆನ್ನಲು ನನ್ನ ಮನಸ್ಸು ಒಪ್ಪದು. ನಗರದಲ್ಲಿ ಬೆಂಕಿ ಹಚ್ಚಿದವರು ಆ ಮಾತುಕತೆಗೆ ಕುಳಿತವರಲ್ಲ. ಕುಳಿತವರಲ್ಲಿ ಏನು ಬದಲಾಯಿತೆಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ಹಾಗೆಯೇ, ಯಾರನ್ನು ಕರೆಯದೆ ಬಿಟ್ಟೆವೆಂಬುದನ್ನೂ ಬರೆದಿಡಬೇಕು.

ಇಂಥ ಕಾರ್ಯದ ಪರೀಕ್ಷೆಗೆ ಕಾಲವೂ ಮುಖ್ಯ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ವರ್ಷ ನೆರೆಹೊರೆಯವರೆಲ್ಲ ಸ್ನೇಹಿತರೇ. ಮುಂಗಾರು ಕೈಕೊಟ್ಟ ವರ್ಷ, ಮಂಡ್ಯದ ಕಬ್ಬೂ ತಂಜಾವೂರಿನ ಭತ್ತವೂ ಒಟ್ಟಿಗೆ ಒಣಗುವಾಗ, ಯಾರು ಯಾರ ಮಾತು ಕೇಳಿದರೆಂಬುದೇ ನಿಜವಾದ ಫಲಿತಾಂಶ. ಕೆಲಸ ಆರಂಭಿಸುವ ಮೊದಲು ಸ್ಥಿತಿ ಹೇಗಿತ್ತೆಂದು ದಾಖಲಿಸದಿದ್ದರೆ, ಕೊನೆಯಲ್ಲಿ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಅಹಿಂಸೆಯನ್ನು ಮನ, ವಚನ, ಕಾಯ ಮೂರರಲ್ಲೂ ಪರೀಕ್ಷಿಸಿಕೊಳ್ಳಬೇಕೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ನಮ್ಮ ವರದಿ ಕಾಯದ ಹಿಂಸೆಯನ್ನು ಮಾತ್ರ ಎಣಿಸಿತ್ತು. ಬಸದಿಗಳ ಟ್ರಸ್ಟುಗಳೂ ಸಮಾಜದ ಸಂಘಗಳೂ ಸೌಹಾರ್ದ ಕಾರ್ಯಕ್ಕೆ ಹಣ ನೀಡುವಾಗ ಸಭೆಗಳ ಸಂಖ್ಯೆ, ಛಾಯಾಚಿತ್ರಗಳನ್ನು ಕೇಳುವುದು ಸಹಜ. ಅದರ ಜೊತೆಗೆ, ಹೆದರಿ ಹೋದವರು ಎಷ್ಟು, ಮರಳಿದವರು ಎಷ್ಟು, ಮರಳಿದವರು ರಾತ್ರಿ ನೆಮ್ಮದಿಯಿಂದ ನಿದ್ರಿಸುತ್ತಾರೆಯೇ ಎಂದೂ ಕೇಳಲಿ. ಈ ಉತ್ತರವನ್ನು ಕೆಲಸ ಮಾಡಿದವರು ಹೇಳಿದರೆ ಸಾಲದು, ನೊಂದವರು ಹೇಳಬೇಕು.

ನನ್ನ ಹಳೆಯ ವರದಿಯ ಪ್ರತಿ ಇಂದಿಗೂ ನನ್ನಲ್ಲಿದೆ. ಅದರ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: "ಒಂದು ಮನೆಯ ಬೀಗ ತೆರೆಯಲಿಲ್ಲ."