ಇಳಿಜಾರಿದ್ದಲ್ಲಿ ಚಿಕ್ಕ ಮಡಿ

ನಮ್ಮ ಹುಲಿಹೈದರದ ಹೊಲಗಳು ಹೆಚ್ಚಾಗಿ ಮಳೆಯನ್ನೇ ನಂಬಿದವು. ಗಂಗಾವತಿಯ ಕಡೆ ಬಸ್ಸು ಹತ್ತಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಎದುರಾಗುತ್ತದೆ. ಅಲ್ಲಿ ಸಪಾಟು ನೆಲದಲ್ಲಿ ಮಡಿಗಳು ದೊಡ್ಡವು. ಇಳಿಜಾರು ಬಂದಲ್ಲಿ ಚಿಕ್ಕವು. ಮಡಿಯೊಳಗೆ ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕಲ್ಲ! ಇಳಿಜಾರಿನಲ್ಲಿ ದೊಡ್ಡ ಮಡಿ ಕಟ್ಟಿದರೆ ಒಂದು ತುದಿ ಮುಳುಗಿ ಇನ್ನೊಂದು ತುದಿ ಒಣಗುತ್ತದೆ.

ನಕ್ಷತ್ರದ ಬೆಳಕನ್ನು ಲೆಕ್ಕ ಹಾಕುವ ವಿಜ್ಞಾನಿಗಳೂ ಇದೇ ಉಪಾಯ ಹಿಡಿದಿದ್ದಾರೆಂದರೆ ನೀವು ನಂಬಬೇಕು.

"ಸೂರ್ಯನಿಂದ ಇಲ್ಲಿಗೆ ಬರಾಕ ಎಂಟು ನಿಮಿಷ ಅಂತೀರಿ. ಸೂರ್ಯನ ನಡುವಿನಿಂದ ಅದರ ಮೈಮ್ಯಾಲೆ ಬರಾಕ ಎಷ್ಟು ಹೊತ್ತು ಬೇಕ್ರಿ ಸರ್?" ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಹತ್ತಾರು ಸಾವಿರ ವರ್ಷ ಎಂದೆ. ತರಗತಿಯೆಲ್ಲ ನಕ್ಕಿತು. ಆದರೆ ಮಾತು ನಿಜ. ಒಳಗಿನ ದಟ್ಟ ಅನಿಲದಲ್ಲಿ ಬೆಳಕು ತುಸು ದೂರ ಹೋಗುವಷ್ಟರಲ್ಲಿ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ.

ಈ ಅಲೆದಾಟದ ಗಣಿತವನ್ನು ಎಸ್. ಚಂದ್ರಶೇಖರ್ 1950ರ ತಮ್ಮ ಗ್ರಂಥದಲ್ಲಿ ಕಟ್ಟಿಕೊಟ್ಟರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿದ್ದ ಎ. ಪೇರಯ್ಯನವರು ಇದೇ ವಿಷಯದ ಮೇಲೆ ಬರೆದ ಪುಸ್ತಕ ಕೇಂಬ್ರಿಜ್‌ನಿಂದ ಹೊರಬಂತು. ಲೆಕ್ಕ ಮಾತ್ರ ಬಲು ಭಾರ. ಜಾಗ ಹೇಳಲು ಮೂರು ಅಂಕಿ, ಬೆಳಕಿನ ದಿಕ್ಕಿಗೆ ಎರಡು, ಬಣ್ಣಕ್ಕೆ ಒಂದು. ಒಂದೊಂದನ್ನೂ ನೂರು ಭಾಗ ಮಾಡಿದರೆ ಲಕ್ಷ ಕೋಟಿ ಮನೆಗಳಾಗುತ್ತವೆ!

ಅಷ್ಟು ಮಾಡಿದರೂ ಸಮಪಾಲು ಕೈ ಕೊಡುತ್ತದೆ. ಸೂರ್ಯನ ತ್ರಿಜ್ಯ ಸುಮಾರು 7 ಲಕ್ಷ ಕಿಲೋಮೀಟರು. ಅದನ್ನು ಸಾವಿರ ಸಮಭಾಗ ಮಾಡಿದರೆ ಒಂದು ಮನೆ 700 ಕಿಲೋಮೀಟರು. ಬೆಳಕು ಅನಿಲದ ಹಿಡಿತ ತಪ್ಪಿಸಿಕೊಂಡು ನಮ್ಮ ಕಡೆ ಹೊರಡುವ ಪದರದ ದಪ್ಪವೋ, ಸುಮಾರು 500 ಮಾತ್ರ. ನಮಗೆ ಕಾಣುವ ಸೂರ್ಯನೇ ಒಂದು ಮನೆಯೊಳಗೆ ಮುಚ್ಚಿಹೋದ!

ಕಂಪ್ಯೂಟರು ತಾನೇ ನೋಡಿಕೊಂಡು ಬೇಕಾದಲ್ಲಿ ಮಾತ್ರ ಮನೆಗಳನ್ನು ಒಡೆಯುವ ವಿಧಾನವನ್ನು ಮಾರ್ಷಾ ಬರ್ಗರ್ ಮತ್ತು ಜೋಸೆಫ್ ಒಲಿಗರ್ 1984ರಲ್ಲಿ ಪ್ರಕಟಿಸಿದರು. ಅಂಕಿ ಬೇಗ ಬದಲಾಗುವಲ್ಲಿ ಮನೆ ಚಿಕ್ಕದಾಗುತ್ತದೆ. ನಿಧಾನವಾದಲ್ಲಿ ದೊಡ್ಡದಾಗಿಯೇ ಉಳಿಯುತ್ತದೆ. ಬದಲಾವಣೆಯ ಜಾಗ ಸರಿದರೆ ಚಿಕ್ಕ ಮನೆಗಳೂ ಅದರ ಹಿಂದೆ ಸರಿಯುತ್ತವೆ. ನಕ್ಷತ್ರಗಳ ಬೆಳಕಿನ ಲೆಕ್ಕಕ್ಕೂ ಈಗ ಈ ಬಗೆಯ ವಿಧಾನ ಬಳಕೆಯಲ್ಲಿದೆ. ಒಂದು ಎಚ್ಚರ: ಮಡಿಯ ನೀರು ಪಕ್ಕದ ಮಡಿಗಷ್ಟೇ ಹರಿಯುತ್ತದೆ, ಬೆಳಕು ಎಷ್ಟೋ ಮನೆ ದಾಟಿ ದೂರಕ್ಕೂ ಹೋಗುತ್ತದೆ. ಆದ್ದರಿಂದ ಅನಿಲ ದಟ್ಟವಾಗಿರುವ ಕಡೆ ಒಡೆದರಷ್ಟೇ ಸಾಲದು, ಬೆಳಕು ಎಲ್ಲಿ ಬದಲಾಗುತ್ತದೆ ಎಂಬುದನ್ನೂ ನೋಡಬೇಕು.

ಇದನ್ನು ಓದುವಾಗಲೆಲ್ಲ ನನಗೆ ಹಾಜರಿ ಪುಸ್ತಕ ನೆನಪಾಗುತ್ತದೆ. ವರ್ಷದ ಸರಾಸರಿ ನೋಡಿದರೆ ಎಲ್ಲ ಸರಿಯಿದೆ. ಆದರೆ ಗುಳೆ ಹೋಗುವ ಮನೆಯ ಮಗುವಿಗೆ ಶಾಲೆ ತಪ್ಪುವುದು ವರ್ಷದುದ್ದಕ್ಕೂ ಅಲ್ಲ. ಆ ಕೆಲವೇ ವಾರಗಳಲ್ಲಿ. ಬೀಜಗಣಿತದ ಮೊದಲ ಪಾಠ ಆಗ ನಡೆದಿದ್ದರೆ ಮುಂದಿನದೆಲ್ಲ ಕತ್ತಲೆ. ಸರಾಸರಿಯ ದೊಡ್ಡ ಮನೆಯಲ್ಲಿ ಆ ಇಳಿಜಾರು ಕಾಣುವುದಿಲ್ಲ. ಅಂಥ ಮಕ್ಕಳು ಊರಿಗೆ ಮರಳಿದ ಮೊದಲ ಹದಿನೈದು ದಿನ, ಸಂಜೆ ಅರ್ಧ ಗಂಟೆ ಅವರೊಡನೆ ಕೂಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಉಳಿದ ಮಕ್ಕಳಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.