ಬೆರಳಲ್ಲ, ತುಟಿ ನೋಡು!

ತರೀಕೆರೆಯಲ್ಲಿ ಅಕ್ಕನ ಮದುವೆ. ನಾನು ಡಿಜೆ ಅಂದೆ, ಅಪ್ಪ ವಾಲಗವೇ ಬೇಕು ಅಂದರು. ಗೆದ್ದಿದ್ದು ಅಪ್ಪ. ವಾಲಗದವರು ತಂದಿದ್ದು ಮಾತ್ರ ಸ್ಯಾಕ್ಸೋಫೋನ್! ಮುಖ ಸಿಂಡರಿಸಿ ಮೊಬೈಲ್ ತಿರುವುತ್ತಾ ಕೂತೆ.

'ಬೆರಳಲ್ಲ, ತುಟಿ ನೋಡೋ' ಅಂದ್ರು ಅಪ್ಪ.

ನೋಡಿದೆ. ಕೀ ಒತ್ತಿದರೆ ಸ್ವರವೇನೋ ಬರುತ್ತೆ. ಆದರೆ ಒಂದರಿಂದ ಇನ್ನೊಂದಕ್ಕೆ ಜಾರಬೇಕಾದ್ರೆ ತುಟಿ ಸಡಿಲಿಸಬೇಕು, ಉಸಿರು ಹದ ಮಾಡಬೇಕು. ಗಮಕ ಬರೋದು ಅಲ್ಲಿಂದ. ಜಾಝ್‌ನವರು ಸ್ವರ ಬಾಗಿಸೋದೂ ಹೀಗೇ ಅಂತ ಆಮೇಲೆ ಗೊತ್ತಾಯ್ತು. ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕಂಡು, ವರ್ಷಗಟ್ಟಲೆ ಒದ್ದಾಡಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರಲ್ಲಿ ಮುಂಬೈನ ಜಾಝ್ ಯಾತ್ರಾದಲ್ಲಿ ಜಾನ್ ಹ್ಯಾಂಡಿ ಜೊತೆ ನುಡಿಸಿದರು, 1994ರಲ್ಲಿ ಲಂಡನ್ನಿನ ಪ್ರಾಮ್ಸ್‌ನಲ್ಲಿ. ಅಪ್ಪ ಕಡೂರಿನಿಂದ ತಂದಿದ್ದ ಅವರ ಕ್ಯಾಸೆಟ್ಟನ್ನ ನಾನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಅಪ್ಪ ಈಗಿಲ್ಲ. ಮೊನ್ನೆ ನಮ್ಮೂರು ಅಜ್ಜಂಪುರದಲ್ಲಿ ಮದುವೆಯೊಂದರ ವಾಲಗ. ಮೇಲಿನ ಸ್ವರದಿಂದ ಸ್ಯಾಕ್ಸೋಫೋನ್ ಮೆಲ್ಲಗೆ ಜಾರಿದಾಗ, 'ಅಪ್ಪಾ, ನೋಡಿ' ಅನ್ನೋಕೆ ಪಕ್ಕದ ಕುರ್ಚಿಗೆ ತಿರುಗಿದ್ದೆ.